ನಾಲ್ಕನೇ ಕಾಲಂ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಸಿನಿಮಾ ಮತ್ತು ಮಾಧ್ಯಮ ಅಧ್ಯಯನದ ಎಂ.ಎ.ಗೆ ಸೇರಿದಾಗ ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಸಿನಿಮಾ ನೋಡೋದಕ್ಕೂ ಕಾಲೇಜಿಗೆ ಹೋಗ್ಬೇಕಾ?" ಅಪ್ಪ ಕೇಳಿದರು, ಚಿಕ್ಕಪ್ಪ ಕೇಳಿದರು. ಸಾಗರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ನಮ್ಮೂರಿನ ಅತ್ತೆಯೊಬ್ಬರೂ ಕೇಳಿದರು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಅದನ್ನೇ ಹೇಳೋಣ ಅಂತ ನಿಮ್ಮ ಮುಂದೆ ಬಂದಿದ್ದೇನೆ.

ಮೊದಲ ಸೆಮಿಸ್ಟರಿನಲ್ಲಿ ನಮಗೊಂದು ಅಸೈನ್‌ಮೆಂಟ್ ಕೊಟ್ಟರು. ಇಷ್ಟವಾದ ಒಂದು ಸಿನಿಮಾ ತಗೊಳ್ಳಿ, ಅದರಲ್ಲಿ ಒಂದೇ ಒಂದು ದೃಶ್ಯ ಆರಿಸಿಕೊಳ್ಳಿ, ಅದನ್ನು ಶಾಟ್ ಶಾಟಾಗಿ ಬಿಡಿಸಿ ಬರೆಯಿರಿ ಅಂತ. ಶಾಟ್ ಅಂದರೆ ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗೆ ತೆರೆಯ ಮೇಲೆ ಇರುವ ತುಣುಕು. ಪುಸ್ತಕದಲ್ಲಿ ಸ್ಕೇಲ್ ಇಟ್ಟು ನಾಲ್ಕು ಕಾಲಂ ಎಳೆಯಬೇಕು. ಮೊದಲನೆಯದರಲ್ಲಿ ಶಾಟ್ ನಂಬರ್, ಎರಡನೆಯದರಲ್ಲಿ ಅದು ಎಷ್ಟು ಸೆಕೆಂಡು ಇದೆ, ಮೂರನೆಯದರಲ್ಲಿ ಏನು ಕಾಣುತ್ತದೆ, ನಾಲ್ಕನೆಯದರಲ್ಲಿ ಏನು ಕೇಳುತ್ತದೆ. ಕಥೆ ಬರೆಯುವ ಹಾಗಿಲ್ಲ. "ಚೆನ್ನಾಗಿದೆ", "ಮನಸ್ಸಿಗೆ ತಟ್ಟುತ್ತದೆ" ಅಂತ ಬರೆಯುವ ಹಾಗೂ ಇಲ್ಲ. ಕಂಡದ್ದು, ಕೇಳಿದ್ದು, ಅಷ್ಟೇ.

ನಾನು ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ತಗೊಂಡೆ. 1955ರ ಸಿನಿಮಾ. ಬಂಗಾಳದ ಒಂದು ಹಳ್ಳಿ, ಬಡ ಪುರೋಹಿತರ ಮನೆ, ಅಕ್ಕ ದುರ್ಗಾ, ತಮ್ಮ ಅಪು. ಅದರಲ್ಲಿ ಮಕ್ಕಳಿಬ್ಬರೂ ರೈಲು ನೋಡಲು ಓಡುವ ದೃಶ್ಯ ಬಹಳ ಜನಕ್ಕೆ ಗೊತ್ತು. ಆಳೆತ್ತರದ ಕಾಶ್ ಹುಲ್ಲು, ಅದರ ತುದಿಯಲ್ಲಿ ಬೆಳ್ಳಗೆ ಹೂವು. ದೂರದಲ್ಲಿ ಕರೀ ಹೊಗೆ ಬಿಡುತ್ತಾ ಬರುವ ರೈಲು. ನಾನು ಆರಿಸಿಕೊಂಡದ್ದು ಅದನ್ನೇ.

ಹಾಸ್ಟೆಲಿನಲ್ಲಿ ರಾತ್ರಿ ಊಟ ಮುಗಿದ ಮೇಲೆ ಕೂರುತ್ತಿದ್ದೆ. ರೂಮಿನಲ್ಲಿದ್ದ ಇನ್ನೊಬ್ಬಳಿಗೆ ಬೆಳಗ್ಗೆ ಬೇಗ ಏಳಬೇಕಿತ್ತು. ಅವಳ ನಿದ್ದೆ ಕೆಡಬಾರದು ಅಂತ ಲ್ಯಾಪ್‌ಟಾಪಿನ ಸೌಂಡ್ ಬಂದ್ ಮಾಡಿ ನೋಡುತ್ತಿದ್ದೆ. ಒಂದು ಶಾಟ್ ನೋಡುವುದು, ನಿಲ್ಲಿಸುವುದು, ಹಿಂದಕ್ಕೆ ಹೋಗುವುದು, ಸೆಕೆಂಡು ಎಣಿಸುವುದು, ಬರೆಯುವುದು. ಐದು ರಾತ್ರಿ ಹೀಗೆ ಕೂತೆ. ಮೂರನೇ ಕಾಲಂ ತುಂಬಿ ತುಳುಕುತ್ತಿತ್ತು. ಎಲ್ಲಿ ಲಾಂಗ್ ಶಾಟ್, ಎಲ್ಲಿ ಕ್ಲೋಸಪ್, ಯಾರು ಯಾವ ಕಡೆಗೆ ಓಡುತ್ತಾರೆ, ಎಲ್ಲ ಇತ್ತು. ನಾಲ್ಕನೇ ಕಾಲಮ್ಮಿನಲ್ಲಿ ಮಾತ್ರ ಮೇಲಿನಿಂದ ಕೆಳಗಿನವರೆಗೆ ಒಂದು ಬಾಣದ ಗುರುತು ಎಳೆದು "ರೈಲಿನ ಸದ್ದು" ಅಂತ ಬರೆದು ಕೊಟ್ಟೆ.

ಪುಸ್ತಕ ವಾಪಸು ಬಂತು. ಒಂದು ಕಡೆ ನಾನು ಬರೆದಿದ್ದೆ: "ದುರ್ಗಾ ಕಂಬಕ್ಕೆ ಕಿವಿ ಕೊಟ್ಟಿದ್ದಾಳೆ." ಅದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ಗೆರೆ. ಪಕ್ಕದಲ್ಲಿ ಮೇಡಂ ಅಕ್ಷರ: "ಅವಳು ಕಿವಿ ಕೊಟ್ಟಿದ್ದಾಳೆ. ನೀವು?"

ಮಾರ್ಕ್ಸ್ ಹಾಕಿರಲಿಲ್ಲ. ಮತ್ತೆ ಮಾಡಿ ತನ್ನಿ ಅಂದರು.

ಮೇಡಂ ಒಂದು ದಾರಿ ಹೇಳಿಕೊಟ್ಟರು. ಈ ಸಲ ಚಿತ್ರ ಬಂದ್ ಮಾಡಿ. ಇಯರ್‌ಫೋನ್ ಹಾಕಿಕೊಂಡು ಸ್ಕ್ರೀನಿನ ಮೇಲೆ ಟವೆಲ್ ಹೊದಿಸಿ. ಬರೀ ಕೇಳಿ. ನಾನು ಹಾಗೇ ಮಾಡಿದೆ. ಐದು ರಾತ್ರಿ ನೋಡಿದ ದೃಶ್ಯ ಅದು. ಆದರೆ ಈಗ ಅದು ಬೇರೆಯೇ ದೃಶ್ಯವಾಗಿತ್ತು.

ಮೊದಲು ಒಂದು ಗುಂಯ್ ಅನ್ನುವ ಸದ್ದು. ಅದು ಟೆಲಿಗ್ರಾಫ್ ಕಂಬದ್ದು. ಹೊಲದ ಮಧ್ಯೆ ಸಾಲಾಗಿ ನಿಂತ ಕಂಬಗಳು, ತಂತಿಯ ಮೇಲೆ ಗಾಳಿ. ಮಕ್ಕಳಿಗೆ ಅದೇನು ಅಂತ ಗೊತ್ತಿಲ್ಲ. ನಮಗೂ ಸಿನಿಮಾ ಅದನ್ನು ವಿವರಿಸುವುದಿಲ್ಲ. ಒಂಥರಾ ಬೇರೆ ಲೋಕದ ಸದ್ದು ಹಳ್ಳಿಯ ಅಂಚಿಗೆ ಬಂದು ನಿಂತಿದೆ. ದುರ್ಗಾ ಕಂಬಕ್ಕೆ ಕಿವಿ ಆನಿಸುತ್ತಾಳೆ, ತಮ್ಮನೂ ಆನಿಸುತ್ತಾನೆ. ಆಮೇಲೆ ಹುಲ್ಲಿನ ನಡುವೆ ಕೂತು ಕಬ್ಬು ಜಗಿಯುತ್ತಾರೆ. ಅಪು ಏನೋ ಕೇಳಲು ಹೋಗುತ್ತಾನೆ. ಅಕ್ಕ ಸುಮ್ಮನಿರು ಅನ್ನುತ್ತಾಳೆ. ಯಾಕೆ ಅಂದರೆ ಅವಳಿಗೆ ಏನೋ ಕೇಳಿಸಿದೆ. ರೈಲು ಕಣ್ಣಿಗೆ ಕಾಣುವುದಕ್ಕೆ ಮುಂಚೆ ದುರ್ಗಾಳ ಕಿವಿಗೆ ಬಂದಿದೆ.

ಇದನ್ನು ಗುರುತಿಸಿದ ಮೇಲೆ ನಾನು ಇಡೀ ಸಿನಿಮಾವನ್ನು ಇನ್ನೊಂದು ಸಲ ಕಿವಿಯಿಂದ ಕೇಳಿದೆ. ಈ ರೈಲು ಇಲ್ಲಿ ಮೊದಲ ಸಲ ಬರುತ್ತಿರುವುದಲ್ಲ. ಎಷ್ಟೋ ಹೊತ್ತು ಮುಂಚೆ ಒಂದು ರಾತ್ರಿ, ಮನೆಯಲ್ಲಿ ಎಲ್ಲರೂ ಕೂತಿರುವಾಗ, ದೂರದಿಂದ ರೈಲಿನ ಸದ್ದು ಬಂದಿರುತ್ತದೆ. ಅಪು ಅಕ್ಕನನ್ನು ಕೇಳುತ್ತಾನೆ, ನೀನು ರೈಲು ನೋಡಿದ್ದೀಯಾ ಅಂತ. ಆ ಸದ್ದೇ ಮಕ್ಕಳಲ್ಲಿ ಆಸೆ ಹುಟ್ಟಿಸಿದ್ದು. ಮತ್ತೆ ಈ ದೃಶ್ಯದಲ್ಲಿ ದುರ್ಗಾ ಓಡುತ್ತಾ ಎಡವಿ ಬೀಳುತ್ತಾಳೆ. ಹಳಿಯ ಹತ್ತಿರಕ್ಕೆ ಹೋಗಿ ರೈಲು ನೋಡುವವನು ತಮ್ಮ. ಮೊದಲು ಕೇಳಿಸಿಕೊಂಡವಳು ಅವಳು, ಹತ್ತಿರದಿಂದ ನೋಡಿದವನು ಅವನು. ಮುಂದೆ ಜ್ವರ ಬಂದು ಮಲಗಿದಾಗ ದುರ್ಗಾ ಅನ್ನುತ್ತಾಳೆ, ನನಗೆ ಹುಷಾರಾದ ಮೇಲೆ ಹೋಗಿ ರೈಲು ನೋಡೋಣ ಅಂತ. ಅವಳಿಗೆ ಹುಷಾರಾಗುವುದಿಲ್ಲ.

ಅದೇ ಸಿನಿಮಾದ ಕೊನೆಯ ಭಾಗದಲ್ಲಿ ಇನ್ನೊಂದು ಜಾಗ ಇದೆ. ನಾಲ್ಕನೇ ಕಾಲಂ ಎಂಬುದೊಂದು ಇರದಿದ್ದರೆ ಅದು ನನಗೆ ಪೂರ್ತಿ ಗೊತ್ತಾಗುತ್ತಿರಲಿಲ್ಲ. ಮಕ್ಕಳ ತಂದೆ ಹರಿಹರ ಅನ್ನುವವರು ಪರವೂರಿನಿಂದ ವಾಪಸು ಬರುತ್ತಾರೆ. ಮಗಳು ಸತ್ತದ್ದು ಅವರಿಗೆ ಗೊತ್ತಿಲ್ಲ. ದುರ್ಗಾಗೆ ಅಂತ ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾರೆ. ತಾಯಿ ಸರ್ಬಜಯಾ ಬಾಯಿ ತೆರೆದು ಅಳುತ್ತಾಳೆ. ಆದರೆ ಅವಳ ಅಳು ನಮಗೆ ಕೇಳುವುದಿಲ್ಲ. ಅಳುವಿನ ಜಾಗದಲ್ಲಿ ತಾರ್ ಶಹನಾಯಿ ಅನ್ನುವ ತಂತಿವಾದ್ಯ ಎತ್ತರದ ಸ್ವರದಲ್ಲಿ ಕೇಳುತ್ತದೆ. ಸಂಗೀತ ರವಿಶಂಕರ್ ಅವರದ್ದು. ನಮ್ಮ ಪಾಠದಲ್ಲಿ ಸದ್ದನ್ನು ಎರಡಾಗಿ ವಿಂಗಡಿಸುತ್ತಾರೆ. ಪಾತ್ರಗಳಿಗೂ ಕೇಳುವ ಸದ್ದು ಒಂದು. ಬಾಗಿಲು, ಮಳೆ, ರೈಲು ಇವೆಲ್ಲ. ನಮಗೆ ಮಾತ್ರ ಕೇಳುವ ಸದ್ದು ಇನ್ನೊಂದು, ಅಂದರೆ ಹಿನ್ನೆಲೆ ಸಂಗೀತ. ಈ ಅಳುವನ್ನು ಯಾವುದಕ್ಕೆ ಸೇರಿಸುವುದು? ತಾಯಿಯ ಬಾಯಿಂದ ಬರುತ್ತಿದೆ, ಆದರೆ ವಾದ್ಯದ ದನಿ. ಆ ಸಾಲಿನ ಮುಂದೆ ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಎರಡೂ ಅಂತ ಬರೆದೆ. ಈಗಲೂ ಅದೇ ಸರಿ ಅನ್ನಿಸುತ್ತದೆ.

ಈ ಸಿನಿಮಾ ಮಾಡಿದವರು ಯಾರು ಅಂತಲೂ ಸ್ವಲ್ಪ ಹೇಳಬೇಕು. ರಾಯ್ ಯಾವ ಸಿನಿಮಾ ಶಾಲೆಗೂ ಹೋದವರಲ್ಲ. ಜಾಹೀರಾತು ಕಂಪನಿಯಲ್ಲಿ ಕೆಲಸ. ಮೊದಲ ಶೂಟಿಂಗ್ ನಡೆದದ್ದು 1952ರ ಅಕ್ಟೋಬರ್ 27ರಂದು, ಇದೇ ಕಾಶ್ ಹುಲ್ಲಿನ ಬಯಲಿನಲ್ಲಿ. ಮುಂದಿನ ವಾರ ಹೋಗಿ ನೋಡಿದರೆ ಹೂವನ್ನೆಲ್ಲ ದನ ಮೇಯ್ದು ಹೋಗಿದ್ದವು. ಮತ್ತೆ ಹೂ ಬಿಡುವ ಕಾಲದವರೆಗೆ ಕಾಯಬೇಕಾಯಿತು.

ಕ್ಯಾಮೆರಾ ಹಿಡಿದವರು ಸುಬ್ರತ ಮಿತ್ರ. ಆಗ ಅವರು ಇಪ್ಪತ್ತು ದಾಟಿದ ಹುಡುಗ. ಅದಕ್ಕೆ ಮುಂಚೆ ಮೂವಿ ಕ್ಯಾಮೆರಾ ಚಲಾಯಿಸಿದವರೇ ಅಲ್ಲ. ಅವರ ಕಥೆ ನನಗೆ ತುಂಬಾ ಹಿಡಿಸಿದ್ದು. ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾ 'ದಿ ರಿವರ್' ಸಿನಿಮಾ ಮಾಡಲು ಬಂಗಾಳಕ್ಕೆ ಬಂದಾಗ ಮಿತ್ರ ಅಲ್ಲಿ ಕೆಲಸ ಕೇಳಿದರು. ಸಿಗಲಿಲ್ಲ. ಸುಮ್ನೆ ನೋಡಲು ಮಾತ್ರ ಅನುಮತಿ ಸಿಕ್ಕಿತು. ಅವರು ದಿನಾ ಹೋಗಿ ನಿಂತು ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಲೈಟು ಎಲ್ಲಿತ್ತು, ಕ್ಯಾಮೆರಾ ಎಲ್ಲಿತ್ತು, ನಟರು ಎಲ್ಲಿಂದ ಎಲ್ಲಿಗೆ ನಡೆದರು, ಎಲ್ಲವನ್ನೂ ಚಿತ್ರ ಬಿಡಿಸಿ ಇಟ್ಟುಕೊಂಡರು. ಆ ಸಿನಿಮಾದ ಛಾಯಾಗ್ರಾಹಕ ಕ್ಲಾಡ್ ರೆನ್ವಾ. ಮುಂಚಿನ ಶಾಟಿನಲ್ಲಿ ಬೆಳಕು ಹೇಗಿತ್ತು ಅಂತ ತಿಳಿಯಲು ಅವರೇ ಒಂದು ದಿನ ಈ ಹುಡುಗನ ನೋಟ್ ಪುಸ್ತಕ ಕೇಳಿ ನೋಡಿದರಂತೆ. ಯಾರೂ ಕೊಡದೇ ಇದ್ದ ಅಸೈನ್‌ಮೆಂಟನ್ನು ತಾನೇ ಕೊಟ್ಟುಕೊಂಡು ಮಾಡಿದ ಹುಡುಗ!

ಸಲಕರಣೆ ಇಲ್ಲ ಅನ್ನುವ ಮಾತು ನಮ್ಮ ಕ್ಲಾಸಿನಲ್ಲೂ ದಿನಾ ಬರುತ್ತಿತ್ತು. ನಿಜ, ಇಡೀ ಬ್ಯಾಚಿಗೆ ಒಂದೇ ರೆಕಾರ್ಡರ್. ಆಗ ಮೇಡಂ ಹೇಳಿದ್ದು ಮಾಸ್ಕೋದ ಕಥೆ. ರಷ್ಯಾದ ಕ್ರಾಂತಿಯ ನಂತರ, 1919ರಲ್ಲಿ, ಅಲ್ಲಿ ಸಿನಿಮಾ ಶಾಲೆ ಶುರುವಾಯಿತು. ಫಿಲ್ಮ್ ಸಿಗುತ್ತಿರಲಿಲ್ಲ. ಲೆವ್ ಕುಲೆಶೋವ್ ಎಂಬ ಮೇಷ್ಟ್ರು ತಮ್ಮ ಶಿಷ್ಯರಿಂದ ಫಿಲ್ಮೇ ಇಲ್ಲದೆ ಸಿನಿಮಾ ಮಾಡಿಸಿದರು. ದೃಶ್ಯಗಳನ್ನು ಶಾಟ್ ಶಾಟಾಗಿ ಅಭಿನಯಿಸಿ ತೋರಿಸುವುದು, ಹಳೆಯ ರೀಲುಗಳನ್ನು ಕತ್ತರಿಸಿ ಬೇರೆ ಥರ ಜೋಡಿಸುವುದು. ನಾವಾದರೋ ಜೇಬಿನಲ್ಲಿ ಫೋನ್ ಇಟ್ಟುಕೊಂಡವರು. 35 ಎಂಎಂ ಫಿಲ್ಮಿನ 400 ಅಡಿ ರೀಲು ಓಡುತ್ತಿದ್ದದ್ದು ಬರೀ ನಾಲ್ಕೂವರೆ ನಿಮಿಷ. ಹಿಂದಿನ ವಿದ್ಯಾರ್ಥಿಗಳು ಒಂದೊಂದು ಸೆಕೆಂಡನ್ನೂ ಲೆಕ್ಕ ಹಾಕಿ ಬಳಸಿದವರು.

ನಮ್ಮ ಕಡೆಯ ಮಾತೂ ಒಂದಿದೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿತು. ಬೇರೆ ಬೇರೆ ದೇಶಗಳ ಸಿನಿಮಾಗಳನ್ನು ನಮ್ಮ ಅಡಿಕೆ ಬೆಳೆಗಾರರಿಗೆ, ಶಾಲೆ ಮೇಷ್ಟ್ರಿಗೆ, ಹೆಂಗಸರಿಗೆ, ಮಕ್ಕಳಿಗೆ ತೋರಿಸಿತು. ಸಿನಿಮಾ ನೋಡುವುದನ್ನು ಕಲಿಯುವ ಶಿಬಿರಗಳನ್ನೂ ನಡೆಸಿತು. ನನ್ನ ಊರಿನ ಪಕ್ಕದಲ್ಲೇ ಇದ್ದ ಈ ಸಂಗತಿ ನನಗೆ ಗೊತ್ತಾದದ್ದು ದೂರದ ಊರಿನ ಕಾಲೇಜಿಗೆ ಹೋದ ಮೇಲೆ. ಅದಕ್ಕೆ ಬೇಸರವಿದೆ.

ಇನ್ನು ಎರಡನೇ ಅಸೈನ್‌ಮೆಂಟ್. ಒಂದು ಜಾಗ, ಐದು ನಿಮಿಷ, ಚಿತ್ರ ಬೇಡ. ಬರೀ ಸದ್ದು ರೆಕಾರ್ಡ್ ಮಾಡಿ, ಅದರಲ್ಲಿ ಏನೇನಿದೆ ಅಂತ ಬರೆಯಿರಿ.

ಅದು ಅಡಿಕೆ ಸುಗ್ಗಿಯ ಕಾಲ. ನಾನು ಮನೆಗೆ ಬಂದಿದ್ದೆ. ರಾತ್ರಿ ನಮ್ಮ ಮನೆಯ ಅಂಗಳದಲ್ಲಿ ಸುಲಿತ ನಡೆಯುತ್ತಿತ್ತು. ಏಳೆಂಟು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ತುದಿಯಲ್ಲಿ ನಮ್ಮಜ್ಜಿ. ನಾನು ಫೋನನ್ನು ಒಂದು ಬುಟ್ಟಿಯ ಮೇಲಿಟ್ಟು ಅಜ್ಜಿಯ ಪಕ್ಕ ಕೂತೆ.

"ಅದನ್ನ ಇಟ್ಕಂಡು ಏನು ಮಾಡ್ತೆ?" ಅಂದರು ಅಜ್ಜಿ.

"ಸದ್ದು ಕೇಳ್ತಾ ಇದೀನಿ ಅಜ್ಜಿ."

"ಸದ್ದೇ? ಅದಕ್ಕೂ ಮಾರ್ಕ್ಸ್ ಕೊಡ್ತರಾ?" ಅಂತ ನಕ್ಕು ಸುಲಿಯತೊಡಗಿದರು.

ಹಾಸ್ಟೆಲಿಗೆ ವಾಪಸು ಹೋಗಿ ಕೇಳಿದಾಗ ಮೊದಲ ಸಲ ಎಲ್ಲ ಒಂದೇ ಗಲಾಟೆ ಅನ್ನಿಸಿತು. ನಾಲ್ಕೈದು ಸಲ ಕೇಳಿದ ಮೇಲೆ ಬೇರೆ ಬೇರೆಯಾಗಿ ಕೇಳತೊಡಗಿತು. ಕತ್ತಿಗೆ ಅಡಿಕೆ ಒತ್ತುವ ಕಚ್ ಸದ್ದು. ಸಿಪ್ಪೆ ಬಿಡಿಸುವ ಸರಕ್ ಸದ್ದು. ಸುಲಿದ ಅಡಿಕೆ ಬೇಳೆ ಬಕೆಟ್ಟಿಗೆ ಬಿದ್ದಾಗ ಠಣ್. ಬಕೆಟ್ ತುಂಬುತ್ತಾ ಹೋದ ಹಾಗೆ ಆ ಠಣ್ ಮೆತ್ತಗಾಗುತ್ತದೆ, ಕೊನೆಗೆ ಬರೀ ಟಕ್. ಒಳಗಿಂದ ಹಂಡೆಯಲ್ಲಿ ಅಡಿಕೆ ಬೇಯುವ ಕೊತಕೊತ. ಯಾರದೋ ಮಗಳ ಮದುವೆಯ ಮಾತು. ನಾಯಿ. ಜೀರುಂಡೆ. ಅಜ್ಜಿಯ ಕೈಯ ಲಯ ಉಳಿದವರದ್ದಕ್ಕಿಂತ ನಿಧಾನ, ಆದರೆ ಎಲ್ಲೂ ತಪ್ಪುವುದಿಲ್ಲ. ಕಣ್ಣು ಮುಚ್ಚಿದರೂ ಇದು ಅಜ್ಜಿ ಅಂತ ಹೇಳಬಹುದು.

ಆದರೆ ಮೂರನೇ ನಿಮಿಷದ ಹತ್ತಿರ ಆ ಲಯ ನಿಂತಿತ್ತು. ಉಳಿದ ಕತ್ತಿಗಳೆಲ್ಲ ನಡೆಯುತ್ತಿವೆ, ಮಾತೂ ನಡೆಯುತ್ತಿದೆ, ಅಜ್ಜಿಯದು ಮಾತ್ರ ಇಲ್ಲ. ಫೋನು ಅಜ್ಜಿಯ ಪಕ್ಕದಲ್ಲೇ ಇದ್ದದ್ದರಿಂದ ಅದು ಗೊತ್ತಾಯಿತು. ಯಾಕೆ ನಿಂತಿತು ಅಂತ ಹಿಂದಕ್ಕೆ ಹೋಗಿ ಹೋಗಿ ಕೇಳಿದೆ. ಏಳನೆಯ ಸಲವೋ ಎಂಟನೆಯ ಸಲವೋ ಸಿಕ್ಕಿತು. ಬಹಳ ದೂರದಲ್ಲಿ, ಜೀರುಂಡೆಯ ಹಿಂದೆ, ಘಟ್ಟದ ತಿರುವಿನಲ್ಲಿ ಗೇರ್ ಬದಲಿಸುವ ಬಸ್ಸು. ಅಪ್ಪ ಪೇಟೆಯಿಂದ ಬರುವ ಕೊನೆಯ ಬಸ್ಸು.

ಆಮೇಲೆ ಮನೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ಹೌದಾ? ನಾನು ಯಾವತ್ತೂ ನೋಡೇ ಇಲ್ಲ" ಅಂದರು. ಅಜ್ಜಿಯ ಪಕ್ಕ ಇಪ್ಪತ್ತೈದು ವರ್ಷ ಕೂತು ಅಡಿಕೆ ಸುಲಿದವರು ಅಮ್ಮ.

ನನ್ನ ಪುಸ್ತಕದ ನಾಲ್ಕನೇ ಕಾಲಮ್ಮಿನಲ್ಲಿ ಆ ಜಾಗಕ್ಕೆ ಹೀಗೆ ಬರೆದಿದ್ದೇನೆ: "ಬಸ್ಸು. ಅಜ್ಜಿಯ ಕತ್ತಿ ನಿಂತಿದೆ. ಬೇಲಿ ಬಾಗಿಲಿನ ಉಣುಗೋಲು ಸರಿಸುವ ಸದ್ದು. ಚಪ್ಪಲಿ ಸದ್ದು. ಅಜ್ಜಿಯ ಕತ್ತಿ ಮತ್ತೆ."

ಮುಂದಿನ ರಜೆಯಲ್ಲಿ ಅಪ್ಪನಿಗೆ ಅದನ್ನು ಕೇಳಿಸಿದೆ. ಇಯರ್‌ಫೋನ್ ಕಿವಿಗೆ ಸರಿಯಾಗಿ ಕೂರದೆ ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರು. ಎಲ್ಲಿ ಏನು ಕೇಳಬೇಕು ಅಂತ ನಾನು ಹೇಳಿರಲಿಲ್ಲ. ಐದು ನಿಮಿಷ ಪೂರ್ತಿ ಕೇಳಿದರು. ಅಜ್ಜಿ ಒಳಗೆ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಅಪ್ಪ ಆ ಕಡೆಗೊಮ್ಮೆ ನೋಡಿ, ಫೋನನ್ನು ನನ್ನ ಕೈಗೆ ಕೊಡಲಿಲ್ಲ.

"ಇನ್ನೊಂದ್ಸಲ ಹಾಕು" ಅಂದರು.

ನಮಸ್ಕಾರ.