ನಿಂತರೆ ಸೋರುವ ವಿಮಾನ

ದೃಶ್ಯ: ಬೈಲಹೊಂಗಲ ಹತ್ತಿರದ ಒಂದು ಹಳ್ಳಿ. ಮುಂಜಾನೆ. ಕಂಬಾರರ ಕುಲುಮೆ ಮುಂದೆ ನೆಲದ ಮೇಲೆ ಕಬ್ಬಿಣದ ಹಳಿ. ಸುತ್ತ ಕುಳ್ಳಿನ ಬೆಂಕಿ.

ಗಾಬರಿ ಆಗಬೇಡಿ, ನೀವು ಒತ್ತಿದ್ದು ವಿಮಾನದ ವಿಡಿಯೋನೇ. ವಿಮಾನ ಬರುತ್ತದೆ. ಅದಕ್ಕೂ ಮೊದಲು ಈ ಚಕ್ಕಡಿ ಗಾಲಿಯನ್ನು ಸ್ವಲ್ಪ ನೋಡಿ.

ಗಾಲಿ ಕಟ್ಟಿಗೆಯದು. ಅದರ ಮೇಲೆ ಕೂರಬೇಕಾದ ಕಬ್ಬಿಣದ ಹಳಿ ಬೇಕಂತಲೇ ಒಂಚೂರು ಚಿಕ್ಕದಾಗಿದೆ. ತಣ್ಣಗಿದ್ದಾಗ ಎಷ್ಟು ಬಡಿದರೂ ಅದು ಕೂರುವುದಿಲ್ಲ. ಕುಳ್ಳಿನ ಬೆಂಕಿಯಲ್ಲಿ ಕೆಂಪಗಾದ ಮೇಲೆ ಮೂರು ಜನ ಇಕ್ಕಳ ಹಿಡಿದು ಎತ್ತುತ್ತಾರೆ, ಗಾಲಿಗೆ ಹಾಕುತ್ತಾರೆ, ಸುತ್ತಿಗೆಯಿಂದ ನಾಲ್ಕು ಏಟು ಕೊಡುತ್ತಾರೆ. ಕಟ್ಟಿಗೆಯಿಂದ ಹೊಗೆ ಏಳುತ್ತದೆ. ಉರಿ ಹತ್ತುವ ಮೊದಲೇ ಕೊಡದಿಂದ ನೀರು. ಚುಂಯ್! ಈಗ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ ಕೇಳಿ. ಹಬೆಯ ನಡುವೆ ಕಿರ್ ಕಿರ್ ಅನ್ನುತ್ತಿರುವುದು ಗಾಲಿಯ ಸಂದುಗಳು. ಹಳಿ ಕುಗ್ಗುತ್ತಾ ಅವನ್ನು ಹಿಂಡುತ್ತಿದೆ.

ಕಂಬಾರ ಕಾಕಾಗೆ "ಇದರ ಗುಟ್ಟೇನು?" ಅಂತ ಕೇಳಿದೆ. "ಕಾದಾಗ ಹಿಗ್ಗತೈತಿ, ಆರಿದಾಗ ಕುಗ್ಗತೈತಿ. ಅದರ ನಡುವಿಂದ ನಮ್ಮ ಕೆಲಸ ನೋಡು ತಮ್ಮಾ" ಅಂದರು.

ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ದೃಶ್ಯ: ರನ್‌ವೇ ಮೇಲೆ ಕಪ್ಪು ವಿಮಾನ. ಹೊಟ್ಟೆಯ ಕೆಳಗೆ ಅಲ್ಲಲ್ಲಿ ಇಂಧನದ ಹನಿ, ಕೆಳಗೆ ತಟ್ಟೆಗಳು.

ಇದು ಎಸ್‌ಆರ್-71, ಬ್ಲ್ಯಾಕ್‌ಬರ್ಡ್. ಅಮೆರಿಕದ ಬೇಹುಗಾರಿಕೆ ವಿಮಾನ. ಬಾಂಬಿಲ್ಲ, ಗನ್ನಿಲ್ಲ, ಬರೀ ಕ್ಯಾಮೆರಾ ಮತ್ತು ಸೆನ್ಸರ್. 1976ರ ಜುಲೈ 28ರಂದು ಇದು ಗಂಟೆಗೆ 3,529 ಕಿಲೋಮೀಟರ್ ವೇಗದಲ್ಲಿ ಹಾರಿ ದಾಖಲೆ ಮಾಡಿತು. ಜೆಟ್ ಎಂಜಿನ್ನಿನ, ಮನುಷ್ಯ ಕೂತು ಹಾರಿಸುವ ವಿಮಾನಗಳಲ್ಲಿ ಆ ದಾಖಲೆ ಇವತ್ತಿಗೂ ಹಾಗೇ ಇದೆ. ಅಂಥ ವಿಮಾನ ನಿಂತಲ್ಲೇ ಹಳೇ ಟ್ರ್ಯಾಕ್ಟರ್ ಥರ ಸೋರುತ್ತಿತ್ತು! ಯಾಕೆ ಅನ್ನೋದೇ ಇವತ್ತಿನ ಕಥೆ.

ಮೊದಲು ವೇಗದ ಲೆಕ್ಕ ಮುಗಿಸಿಬಿಡೋಣ. ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸು ಹತ್ತಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಆಕಾಶದಲ್ಲಿ ನೇರವಾಗಿ ಅಳೆದರೆ ಸುಮಾರು 170 ಕಿಲೋಮೀಟರ್. ಬ್ಲ್ಯಾಕ್‌ಬರ್ಡ್‌ಗೆ ಮೂರು ನಿಮಿಷ ಸಾಕು. ಆದರೆ ವಾಪಸ್ ಬರೋದು ಅಷ್ಟು ಸುಲಭ ಅಲ್ಲ. ಆ ವೇಗದಲ್ಲಿ 30 ಡಿಗ್ರಿ ವಾಲಿ ತಿರುಗಿದರೆ ವೃತ್ತದ ಅಗಲವೇ 300 ಕಿಲೋಮೀಟರ್ ದಾಟುತ್ತದೆ. ಬೆಳಗಾವಿ ಮೇಲೆ ಯೂ-ಟರ್ನ್ ಶುರು ಮಾಡಿದರೆ ಸೊಲ್ಲಾಪುರ ದಾಟಿದ ಮೇಲೆ ಮುಗಿಯುತ್ತದೆ.

ಇಷ್ಟು ವೇಗ ಯಾಕೆ ಬೇಕಾಯಿತು? 1960ರ ಮೇ 1. ಅಮೆರಿಕದ ಯು-2 ಬೇಹು ವಿಮಾನ ಸೋವಿಯತ್ ಒಕ್ಕೂಟದ ಮೇಲೆ ಹಾರುತ್ತಿತ್ತು. ಸುಮಾರು 21 ಕಿಲೋಮೀಟರ್ ಎತ್ತರ. ಇಷ್ಟು ಮೇಲೆ ಯಾರೂ ಮುಟ್ಟಲಾರರು ಅನ್ನೋ ನಂಬಿಕೆ. ಸ್ವೆರ್ಡ್‌ಲೋವ್‌ಸ್ಕ್ ಹತ್ತಿರ ಕ್ಷಿಪಣಿ ಅದನ್ನು ಉರುಳಿಸಿತು. ಪೈಲಟ್ ಗ್ಯಾರಿ ಪವರ್ಸ್ ಜೀವಂತವಾಗಿ ಸಿಕ್ಕಿಬಿದ್ದರು. ಬರೀ ಎತ್ತರ ಸಾಲದು, ವೇಗವೂ ಬೇಕು ಅನ್ನೋದು ಖಾತ್ರಿಯಾಯಿತು.

ಅಷ್ಟರಲ್ಲಾಗಲೇ ಲಾಕ್‌ಹೀಡ್ ಕಂಪನಿಯ ಸ್ಕಂಕ್ ವರ್ಕ್ಸ್ ವಿಭಾಗದಲ್ಲಿ ಕೆಲ್ಲಿ ಜಾನ್ಸನ್ ಅನ್ನೋ ಎಂಜಿನಿಯರ್ ಇನ್ನೊಂದು ವಿಮಾನದ ಹಿಂದೆ ಬಿದ್ದಿದ್ದರು. ಯು-2 ಮಾಡಿದವರೂ ಅವರೇ. ಮೊದಲು ಸಿಐಎಗೆ ಎ-12 ಅನ್ನೋ ಒಂಟಿ ಸೀಟಿನ ವಿಮಾನ ಬಂತು, 1962ರಲ್ಲಿ ಹಾರಿತು. ಅದರ ದೊಡ್ಡ ತಮ್ಮ ಎಸ್‌ಆರ್-71. ಇಬ್ಬರು ಕೂರುವಂಥದ್ದು, ವಾಯುಪಡೆಗೆ. 1964ರ ಡಿಸೆಂಬರ್ 22ರಂದು ಮೊದಲ ಸಲ ಹಾರಿತು. ಒಟ್ಟು ತಯಾರಾಗಿದ್ದು 32.

ದೃಶ್ಯ: ಸೈಕಲ್ ಪಂಪ್. ಹತ್ತು ಸಲ ಒತ್ತಿ, ಬುಡಕ್ಕೆ ಕೈ ಇಟ್ಟು ತೆಗೆಯುವುದು.

ಸೈಕಲ್‌ಗೆ ಗಾಳಿ ಹೊಡೆದವರಿಗೆ ಗೊತ್ತು, ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಬ್ಲ್ಯಾಕ್‌ಬರ್ಡ್ ಮಾಡುತ್ತಿದ್ದದ್ದೂ ಅದೇ, ತನ್ನ ಮುಂದಿನ ಗಾಳಿಯನ್ನು ಒತ್ತುತ್ತಾ ಹೋಗೋದು. 24 ಕಿಲೋಮೀಟರ್ ಮೇಲೆ ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗಿರುತ್ತದೆ. ಆದರೂ ವಿಮಾನದ ಮೈ 300 ಡಿಗ್ರಿ ದಾಟುತ್ತಿತ್ತು. ಎಂಜಿನ್ ಹತ್ತಿರ ಇನ್ನೂ ಜಾಸ್ತಿ. ನನ್ನ ಕೇಳಿದರೆ ಈ ವಿಮಾನದ ನಿಜವಾದ ಜಗಳ ವೇಗದ ಜೊತೆಗಲ್ಲ, ಬಿಸಿಯ ಜೊತೆಗೆ.

ಮಾಮೂಲಿ ವಿಮಾನಗಳ ಅಲ್ಯೂಮಿನಿಯಂ ಈ ಬಿಸಿಗೆ ಮೆತ್ತಗಾಗುತ್ತದೆ. ಉಕ್ಕಿನದು ಮಾಡಿದರೆ ಭಾರ. ಉಳಿದಿದ್ದು ಟೈಟಾನಿಯಂ. ವಿಮಾನದ ಚೌಕಟ್ಟಿನ ಬಹುಪಾಲು ಅದರದ್ದೇ. ಈಗ ತಮಾಷೆ ಕೇಳಿ. ಅಷ್ಟು ಟೈಟಾನಿಯಂ ಅಮೆರಿಕದಲ್ಲಿ ಸಿಗುತ್ತಿರಲಿಲ್ಲ. ಬೇಕಾದಷ್ಟು ಇದ್ದದ್ದು ಸೋವಿಯತ್ ಒಕ್ಕೂಟದಲ್ಲಿ. ಅಡ್ಡ ಹೆಸರಿನ ಕಂಪನಿಗಳನ್ನು ನಡುವೆ ನಿಲ್ಲಿಸಿ ಅಲ್ಲಿಂದಲೇ ತರಿಸಿಕೊಂಡರು. ಯಾರ ಮನೆ ಇಣುಕಬೇಕೋ ಅವರ ಮನೆಯಿಂದಲೇ ಏಣಿ ಸಾಲ ತಂದ ಹಾಗೆ.

ದೃಶ್ಯ: ಬೆಳಗಾವಿ, ಉದ್ಯಮಬಾಗ. ಲೇಥ್ ಮಷಿನ್, ಹಾರುವ ಚೂರುಗಳು.

ತಂದಿದ್ದಾಯಿತು, ಕೊರೆಯೋದು ಹೇಗೆ? ಉದ್ಯಮಬಾಗದಲ್ಲಿ ಲೇಥ್ ಮೇಲೆ ಕೆಲಸ ಮಾಡುವ ನನ್ನ ಗೆಳೆಯನ ಮುಂದೆ ಟೈಟಾನಿಯಂ ಅಂದರೆ ಸಾಕು, ಮುಖ ಸಿಂಡರಿಸುತ್ತಾನೆ. "ಟೂಲ್ ತಿಂತೈತಲೇ ಅದು" ಅಂತಾನೆ. ಕಾರಣ ಇದೆ. ಈ ಲೋಹದಲ್ಲಿ ಬಿಸಿ ಬೇಗ ಹರಡುವುದಿಲ್ಲ. ಕೊರೆಯುವಾಗ ಹುಟ್ಟಿದ ಬಿಸಿಯೆಲ್ಲ ಟೂಲಿನ ತುದಿಯಲ್ಲೇ ಕೂತು ಅದನ್ನು ಸುಡುತ್ತದೆ. ಲಾಕ್‌ಹೀಡ್‌ನವರಿಗೆ ಶುರುವಿನಲ್ಲಿ ಒಂದು ಡ್ರಿಲ್ ಬಿಟ್ಟಿಗೆ 17 ತೂತು ಆಗುವಷ್ಟರಲ್ಲಿ ಸಾಕಾಗಿ ಹೋಗುತ್ತಿತ್ತು. ಆಮೇಲೆ ಹೊಸ ಬಿಟ್ ಮಾಡಿ ಅದನ್ನು 100ಕ್ಕೆ ಏರಿಸಿದರು.

ಇನ್ನೊಂದು ತಲೆನೋವು. ಬಿಗಿ ಮಾಡಿದ್ದ ಬೋಲ್ಟುಗಳ ತಲೆ ಬಿಸಿಯಾದ ಮೇಲೆ ಉದುರುತ್ತಿದ್ದವು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ ಕಳ್ಳ ಪಾನಾ! ಪಾನಾಗಳಿಗೆ ಕ್ಯಾಡ್ಮಿಯಂ ಲೇಪ ಇತ್ತು, ಅದು ಟೈಟಾನಿಯಂಗೆ ತಾಗಿ ಹಾಳು ಮಾಡುತ್ತಿತ್ತು. ಎಲ್ಲರ ಟೂಲ್‌ಬಾಕ್ಸ್ ತಪಾಸಣೆ ಮಾಡಿ ಅಂಥ ಪಾನಾಗಳನ್ನೆಲ್ಲ ಹೊರಗೆ ಹಾಕಿದರು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಚಳಿಗಾಲದಲ್ಲಿ ವೆಲ್ಡ್ ಮಾಡಿದ ಭಾಗಗಳು ಗಟ್ಟಿಯಾಗಿ ಬಾಳುತ್ತಿದ್ದವು, ಬೇಸಿಗೆಯಲ್ಲಿ ಮಾಡಿದವು ಬೇಗ ಕೆಡುತ್ತಿದ್ದವು. ಅದೇ ಕೆಲಸಗಾರರು, ಅದೇ ಲೋಹ. ಮತ್ತೇನು ಬದಲಾಯಿತು? ನೀರು. ಪಾಚಿ ಕಟ್ಟಬಾರದು ಅಂತ ಲಾಕ್‌ಹೀಡ್ ಕಾರ್ಖಾನೆ ಇದ್ದ ಬರ್ಬ್ಯಾಂಕ್ ಊರಿನ ನಲ್ಲಿ ನೀರಿಗೆ ಬೇಸಿಗೆಯಲ್ಲಿ ಕ್ಲೋರಿನ್ ಜಾಸ್ತಿ ಹಾಕುತ್ತಿದ್ದರು. ಭಾಗಗಳನ್ನು ತೊಳೆಯುತ್ತಿದ್ದದ್ದು ಅದೇ ನೀರಿನಲ್ಲಿ. ಪ್ರಪಂಚದ ಅತಿ ಗುಟ್ಟಿನ ವಿಮಾನವನ್ನು ಮುನಿಸಿಪಾಲಿಟಿ ನಲ್ಲಿ ನೀರು ಆಟ ಆಡಿಸಿತ್ತು, ನೋಡಿ.

ದೃಶ್ಯ: ಮತ್ತೆ ಸೋರುವ ವಿಮಾನ. ಪಕ್ಕದಲ್ಲಿ ಹಳಿ ಏರಿಸಿದ ಗಾಲಿ.

ಈಗ ಸೋರುವ ವಿಷಯ. ಇದರಲ್ಲಿ ಇಂಧನಕ್ಕೆ ಬೇರೆ ಟ್ಯಾಂಕ್ ಕೂರಿಸಿರಲಿಲ್ಲ. ವಿಮಾನದ ಹೊರಮೈಯೇ ಟ್ಯಾಂಕಿನ ಗೋಡೆ. 300 ಡಿಗ್ರಿಗೆ ಕಾದಾಗ ಇಡೀ ವಿಮಾನ ಹಲವು ಇಂಚು ಉದ್ದವಾಗುತ್ತಿತ್ತು. ಹಾಗೆ ಹಿಗ್ಗೋದಕ್ಕೆ ಜಾಗ ಬೇಕಲ್ವಾ? ರೆಕ್ಕೆಯ ಮೇಲಿನ ಹಾಳೆಗಳನ್ನು ನಮ್ಮ ಪತ್ರಾಸಿನ ಹಾಗೆ ಅಲೆಅಲೆಯಾಗಿ ಮಾಡಿದ್ದು ಅದಕ್ಕೇ. ಚಪ್ಪಟೆ ಹಾಳೆ ಕಾದರೆ ಸುಕ್ಕು ಬೀಳುತ್ತದೆ. ಸಂದುಗಳಿಗೆ ಸೀಲಂಟ್ ಬಳಿದಿದ್ದರು, ಆದರೆ ಕಾದು ಆರಿ, ಕಾದು ಆರಿ ಅದು ಬಿರುಕು ಬಿಡುತ್ತಿತ್ತು. ಎಷ್ಟು ತೇಪೆ ಹಾಕಿದರೂ ಅಷ್ಟೇ. ಕೊನೆಗೆ ಇಷ್ಟು ಹನಿ ಬಿದ್ದರೆ ಪರವಾಗಿಲ್ಲ ಅಂತ ಒಂದು ಮಿತಿ ಇಟ್ಟುಕೊಂಡು ಸುಮ್ಮನಾದರು.

ಇಲ್ಲಿ ಒಂದು ಮಾತು. ಇಂಧನ ಎಲ್ಲ ಸೋರಿ ಹೋಗುತ್ತಿತ್ತು, ಅದಕ್ಕೇ ಮೇಲೇರಿದ ಕೂಡಲೇ ಆಕಾಶದಲ್ಲಿ ತುಂಬಿಸಿಕೊಳ್ಳುತ್ತಿತ್ತು ಅಂತ ಬಹಳ ವಿಡಿಯೋಗಳು ಹೇಳುತ್ತವೆ. ಮೂರು ವರ್ಷದ ಹಿಂದೆ ನಾನೂ ಹಾಗೇ ಹೇಳಿದ್ದೆ, ಆ ವಿಡಿಯೋ ತೆಗೆದು ಹಾಕಿದ್ದೇನೆ. ಸೋರುತ್ತಿದ್ದದ್ದು ನಿಜ, ಆದರೆ ಟ್ಯಾಂಕ್ ಖಾಲಿ ಆಗುವಷ್ಟಲ್ಲ. ಪೂರ್ತಿ ತುಂಬಿಸಿದರೆ ಇಂಧನವೇ 36 ಟನ್. ಅಷ್ಟು ಭಾರ ಹೊತ್ತು ಓಡುವಾಗ ಟೈರ್ ಸಿಡಿದರೆ, ಒಂದು ಎಂಜಿನ್ ಕೈಕೊಟ್ಟರೆ ಕಷ್ಟ. ಅದಕ್ಕೆ ಹಗುರವಾಗಿ ಏರಿ, ಮೇಲೆ ಟ್ಯಾಂಕರ್ ವಿಮಾನದಿಂದ ತುಂಬಿಸಿಕೊಳ್ಳುತ್ತಿತ್ತು.

ಸೋರಿದ ಇಂಧನಕ್ಕೆ ಬೆಂಕಿ ಹತ್ತಲ್ವಾ? ಇಲ್ಲ. ಜೆಪಿ-7 ಅನ್ನೋ ಈ ಇಂಧನದೊಳಗೆ ಉರಿಯುವ ಬೆಂಕಿಕಡ್ಡಿ ಎಸೆದರೆ ಕಡ್ಡಿಯೇ ಆರುತ್ತದೆ. ಅಷ್ಟು ಮಂದ. ಬೇಕಂತಲೇ ಹಾಗೆ ಮಾಡಿದ್ದು. ಯಾಕಂದರೆ ಉರಿಯೋಕೆ ಹೋಗುವ ಮೊದಲು ಇದೇ ಇಂಧನ ವಿಮಾನದ ಒಳಗೆಲ್ಲ ಸುತ್ತಾಡಿ ಬಿಸಿ ಹೀರಿಕೊಳ್ಳಬೇಕಿತ್ತು, ಟ್ರ್ಯಾಕ್ಟರ್ ರೇಡಿಯೇಟರಿನ ನೀರಿನ ಹಾಗೆ. ಮತ್ತೆ ಎಂಜಿನ್ ಹೊತ್ತಿಸೋದು ಹೇಗೆ? ಟಿಇಬಿ ಅನ್ನೋ ರಾಸಾಯನಿಕ ಇತ್ತು, ಗಾಳಿ ತಾಗಿದರೆ ಸಾಕು, ತಾನಾಗೇ ಭಗ್ ಅನ್ನುತ್ತದೆ. ಹಿಂದಿನಿಂದ ಹಸಿರು ಬೆಂಕಿ ಚಿಮ್ಮುತ್ತಿತ್ತು. ಒಂದೊಂದು ಎಂಜಿನ್ನಿಗೆ 16 ಸಲಕ್ಕೆ ಆಗುವಷ್ಟು ಮಾತ್ರ. ಅದಕ್ಕೂ ಮೊದಲು ಎಂಜಿನ್ ತಿರುಗಿಸಲು ಕೆಳಗೆ ಒಂದು ಗಾಡಿ ತಂದು ನಿಲ್ಲಿಸುತ್ತಿದ್ದರು. ಅದರೊಳಗೆ ಇದ್ದದ್ದು ಬ್ಯೂಕ್ ಕಾರಿನ ಎರಡು ವಿ-8 ಎಂಜಿನ್.

ದೃಶ್ಯ: ಎಂಜಿನ್ ಬಾಯಿಯ ಹತ್ತಿರದ ನೋಟ. ಮುಂದೆ ಚಾಚಿದ ಮೊನೆ.

ಎಂಜಿನ್ ಬಾಯಲ್ಲಿ ಈ ಮೊನೆ ಕಾಣುತ್ತಿದೆಯಾ? ಜೆಟ್ ಎಂಜಿನ್ ಶಬ್ದಕ್ಕಿಂತ ವೇಗದ ಗಾಳಿಯನ್ನು ನೇರವಾಗಿ ನುಂಗಲಾರದು. ಗಾಳಿಯನ್ನು ಬಾಯಲ್ಲೇ ನಿಧಾನ ಮಾಡಿ, ಹಿಂಡಿ ಒಳಗೆ ಬಿಡಬೇಕು. ಆ ಕೆಲಸ ಈ ಮೊನೆಯದು. ವೇಗ ಏರಿದ ಹಾಗೆ ಇದು ಹಿಂದೆ ಸರಿಯುತ್ತದೆ, ಒಟ್ಟು 66 ಸೆಂಟಿಮೀಟರ್. ಪೂರ್ತಿ ವೇಗದಲ್ಲಿ ನೂಕುಬಲದ ಅರ್ಧಕ್ಕಿಂತ ಜಾಸ್ತಿ ಬರುತ್ತಿದ್ದದ್ದು ಈ ಬಾಯಿಯ ಭಾಗದಿಂದ. ಎಂಜಿನ್ ತಾನೇ ಕೊಡುತ್ತಿದ್ದದ್ದು ಐದರಲ್ಲಿ ಒಂದು ಪಾಲಿಗಿಂತ ಕಮ್ಮಿ.

ಲೆಕ್ಕ ಸ್ವಲ್ಪ ತಪ್ಪಿದರೆ? ಕಾಲುವೆಯ ತೂಬಿಗೆ ಕಸ ಸಿಕ್ಕಿ ನೀರು ಹಿಂದಕ್ಕೆ ಉಕ್ಕಿದ ಹಾಗೆ, ಒಳಗಿನ ಗಾಳಿ ಮುಂದಕ್ಕೆ ಉಗಿಯುತ್ತದೆ. ಇದಕ್ಕೆ ಅನ್‌ಸ್ಟಾರ್ಟ್ ಅಂತ ಹೆಸರು. ವಿಮಾನ ಆ ಕಡೆಗೆ ಧಡಕ್ಕನೆ ತಿರುಗುತ್ತದೆ, ಪೈಲಟ್‌ಗಳ ಹೆಲ್ಮೆಟ್ ಗಾಜಿಗೆ ಬಡಿಯುತ್ತದೆ.

1966ರ ಜನವರಿ 25. ಪರೀಕ್ಷಾ ಪೈಲಟ್ ಬಿಲ್ ವೀವರ್, ಹಿಂದಿನ ಸೀಟಿನಲ್ಲಿ ಜಿಮ್ ಝ್ವೇಯರ್. ಶಬ್ದದ ಮೂರು ಪಟ್ಟಿಗಿಂತ ಜಾಸ್ತಿ ವೇಗ, ಬಲಕ್ಕೆ ತಿರುಗುತ್ತಿದ್ದಾರೆ. ಬಲಗಡೆ ಎಂಜಿನ್ ಅನ್‌ಸ್ಟಾರ್ಟ್ ಆಯಿತು. ಕೆಲವೇ ಸೆಕೆಂಡಿನಲ್ಲಿ ವಿಮಾನ ಆಕಾಶದಲ್ಲೇ ಚೂರಾಯಿತು. ವೀವರ್ ಇಜೆಕ್ಟ್ ಆಗಲೇ ಇಲ್ಲ. ಸೀಟು ವಿಮಾನದ ಜೊತೆಗೇ ಹೋಯಿತು, ಗಾಳಿ ಅವರನ್ನು ಕಿತ್ತು ಹೊರಗೆಸೆಯಿತು. ಎಚ್ಚರ ಆದಾಗ ತಾನು ಸತ್ತಿದ್ದೇನೆ ಅಂದುಕೊಂಡರಂತೆ. ಮುಖದ ಮುಂದಿನ ಗಾಜಿಗೆ ಹಿಮ ಕಟ್ಟಿತ್ತು, ಏನೂ ಕಾಣುತ್ತಿರಲಿಲ್ಲ. ಉಬ್ಬಿದ್ದ ಪ್ರೆಶರ್ ಸೂಟ್ ಅವರ ಜೀವ ಕಾಯ್ದಿತ್ತು. ಪ್ಯಾರಾಚೂಟ್ ತಾನಾಗೇ ಬಿಚ್ಚಿಕೊಂಡು ನ್ಯೂ ಮೆಕ್ಸಿಕೋದ ಒಂದು ದನದ ಹುಲ್ಲುಗಾವಲಿಗೆ ಇಳಿದರು. ಅಲ್ಲಿನ ರೈತನೊಬ್ಬ ತನ್ನದೇ ಪುಟ್ಟ ಹೆಲಿಕಾಪ್ಟರಿನಲ್ಲಿ ಬಂದು ಆಸ್ಪತ್ರೆಗೆ ಕರೆದೊಯ್ದ. ಝ್ವೇಯರ್ ಉಳಿಯಲಿಲ್ಲ. ಎರಡು ವಾರಕ್ಕೆ ವೀವರ್ ಮತ್ತೆ ಬ್ಲ್ಯಾಕ್‌ಬರ್ಡ್ ಹತ್ತಿದರು.

32ರಲ್ಲಿ 12 ವಿಮಾನ ಇಂಥ ಅಪಘಾತಗಳಲ್ಲೇ ಹೋದವು. ಶತ್ರುವಿನ ಕೈಗೆ ಒಂದೂ ಸಿಗಲಿಲ್ಲ. ಕ್ಷಿಪಣಿ ಬಂದರೆ ಪೈಲಟ್ ಮಾಡುತ್ತಿದ್ದದ್ದು ಇಷ್ಟೇ, ವೇಗ ಇನ್ನಷ್ಟು ಹೆಚ್ಚಿಸೋದು.

ಒಳಗೆ ಕೂತವರ ಊಟದ ಕಥೆ ಬಿಟ್ಟರೆ ತಪ್ಪಾಗುತ್ತದೆ. ಪೇಸ್ಟಿನ ಥರ ಟ್ಯೂಬಿನಲ್ಲಿ ಊಟ, ಹೆಲ್ಮೆಟ್ಟಿನ ತೂತಿನಿಂದ ಹೀರಬೇಕು. ಬಿಸಿ ಬೇಕಾದರೆ ಟ್ಯೂಬನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿಯೋದು. ಹೊರಗೆ ಮೈ ಕೊರೆಯುವ ಚಳಿ, ಗಾಜು ಮಾತ್ರ ಕಾದ ಹಂಚು.

ನಮ್ಮಲ್ಲೂ ಇದರ ಎದುರಾಳಿಯೊಬ್ಬ ಇದ್ದ. ರಷ್ಯಾದ ಮಿಗ್-25, ಬೇಹುಗಾರಿಕೆಯ ಮಾದರಿ. ಭಾರತೀಯ ವಾಯುಪಡೆ 1981ರಿಂದ 2006ರವರೆಗೆ ಬರೇಲಿಯಿಂದ ಹಾರಿಸಿತು. ಅದರ ಬಹುಪಾಲು ಟೈಟಾನಿಯಂ ಅಲ್ಲ, ನಿಕ್ಕೆಲ್ ಬೆರೆಸಿದ ಉಕ್ಕು. ಅದಕ್ಕೆ ಬೇರೆಯದೇ ವಿಡಿಯೋ ಬೇಕು.

ಉಪಗ್ರಹಗಳು ಬಂದವು, ಖರ್ಚು ಕಣ್ಣಿಗೆ ಹೊಡೆಯಿತು, ಬ್ಲ್ಯಾಕ್‌ಬರ್ಡ್ ನಿಂತಿತು. 1990ರ ಮಾರ್ಚ್ 6ರಂದು ಒಂದು ವಿಮಾನ ಮ್ಯೂಸಿಯಂಗೆ ಹೊರಟಿತು. ಹೋಗುವ ದಾರಿಯಲ್ಲೇ ಲಾಸ್ ಏಂಜಲಿಸ್‌ನಿಂದ ವಾಷಿಂಗ್ಟನ್‌ಗೆ 64 ನಿಮಿಷ 20 ಸೆಕೆಂಡಿನಲ್ಲಿ ತಲುಪಿ ಇನ್ನೊಂದು ದಾಖಲೆ ಮಾಡಿತು. ಆಮೇಲೆ ಕೆಲವನ್ನು ವಾಪಸ್ ಕರೆದರು. ನಾಸಾದವರು 1999ರ ಅಕ್ಟೋಬರಿನಲ್ಲಿ ಕೊನೆಯ ಸಲ ಹಾರಿಸಿದರು.

ದೃಶ್ಯ: ಕುಲುಮೆ. ಕಾಕಾನ ಕೈಯಲ್ಲಿ ನನ್ನ ಮೊಬೈಲ್.

ಎಡಿಟ್ ಮಾಡುವ ಮೊದಲು ಈ ಫೋಟೋಗಳನ್ನು ಕಾಕಾಗೆ ತೋರಿಸಿದೆ. ಹನಿ ಬೀಳುವ ಫೋಟೋದಲ್ಲೇ ನಿಂತರು. "ಇಷ್ಟ ಸೋರಿದ್ರ ಮಾಡಿದವರಿಗೆ ಯಾರೂ ಬೈಲಿಲ್ಲೇನು?" ಅಂದರು. ಆಮೇಲೆ, "ಇಳದ ಮ್ಯಾಲ ಎಷ್ಟೊತ್ತಿಗೆ ಆರತೈತಿ ಇದು?" ಇಷ್ಟು ದಿನದಲ್ಲಿ ನನಗೆ ಯಾರೂ ಇದನ್ನು ಕೇಳಿರಲಿಲ್ಲ. ಇಳಿದ ಮೇಲೂ ಸ್ವಲ್ಪ ಹೊತ್ತು ಯಾರೂ ಬರಿಗೈಯಲ್ಲಿ ಮುಟ್ಟುವ ಹಾಗಿರಲಿಲ್ಲ ಅಂದೆ. ಪ್ರತಿ ಸಲ ಹಾರಿ ಕಾದು ಆರಿದಾಗಲೂ ಅದರ ಟೈಟಾನಿಯಂ ಮೈ ಇನ್ನಷ್ಟು ಗಟ್ಟಿಯಾಗುತ್ತಿತ್ತು ಅಂತಲೂ ಹೇಳಿದೆ.

"ಹಂಗಾರ ಹಾರಿಸಿ ಹಾರಿಸೇ ಹದಾ ಮಾಡ್ಯಾರ ಅನ್ನು" ಅಂದರು. ಮೊಬೈಲ್ ನನ್ನ ಕೈಗೆ ಕೊಟ್ಟು, ಎರಡನೇ ಗಾಲಿಗೆ ಕುಳ್ಳು ಒಟ್ಟಲು ಹೋದರು.