ಸ್ಟಾಪ್‌ವಾಚ್ ಕೈಗೆ ಬರುವ ಮುಂಚೆ

ನಮಸ್ಕಾರ. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಡಿಗ್ರಿಗೆ ಸೇರಲು ಹೊರಟವರು ಇವತ್ತು ಸ್ವಲ್ಪ ಹೊತ್ತು ನನ್ನ ಜೊತೆ ಕೂತುಕೊಳ್ಳಿ. ಸೇರಬೇಕೋ ಬೇಡವೋ ಅಂತ ಇನ್ನೂ ತೂಗುತ್ತಿರುವವರೂ ಬನ್ನಿ. ಮೊದಲು ನನ್ನದೇ ಒಂದು ಪೆದ್ದುತನ ಹೇಳುತ್ತೇನೆ.

ಓದುವಾಗ ಒಂದು ಕಾರ್ಖಾನೆಗೆ ಟೈಮ್ ಸ್ಟಡಿ ಮಾಡಲು, ಅಂದರೆ ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯಲು ಹೋಗಿದ್ದೆ. ಕೈಯಲ್ಲಿ ಸ್ಟಾಪ್‌ವಾಚ್, ಕಂಕುಳಲ್ಲಿ ರಟ್ಟು, ರಟ್ಟಿನ ಮೇಲೆ ಗೀಟು ಹಾಕಿದ ಹಾಳೆ. ಎದುರಿಗೆ ಒಬ್ಬ ಅಕ್ಕ ಕೂತು ಡಬ್ಬಗಳಿಗೆ ಸಣ್ಣ ಸಣ್ಣ ಬಿಡಿಭಾಗ ತುಂಬುತ್ತಿದ್ದರು. ನಾನು ಗುಂಡಿ ಒತ್ತಿದ್ದೇ ತಡ, ಅವರ ಕೈ ನಿಧಾನವಾಯಿತು. ನನಗೆ ಒಳಗೊಳಗೇ ಖುಷಿ, ಕಳ್ಳನನ್ನು ಹಿಡಿದ ಹಾಗೆ. ಮೂವತ್ತು ಸುತ್ತು ಅಳೆದೆ. ಪ್ರತಿ ಡಬ್ಬ ತುಂಬಿದ ಮೇಲೂ ಅವರು ಎದ್ದು, ಎರಡು ಹೆಜ್ಜೆ ಹಿಂದೆ ಹೋಗಿ, ರ‍್ಯಾಕಿನಿಂದ ಒಂದು ಮುಚ್ಚಳ ತರುತ್ತಿದ್ದರು. ರ‍್ಯಾಕನ್ನು ಪಕ್ಕಕ್ಕೆ ಎಳೆದರೆ ಡಬ್ಬಕ್ಕೆ ನಾಲ್ಕು ಸೆಕೆಂಡ್ ಉಳಿಯುತ್ತದೆ. ದಿನಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಅಲ್ಲೇ ಗುಣಿಸಿಕೊಂಡೆ. ತಡೆಯಲಾಗದೆ ಅವರಿಗೇ ಹೇಳಿಬಿಟ್ಟೆ.

ಅವರು ನಕ್ಕರು. "ದಿನಪೂರ್ತಿ ಕೂತೇ ಇರ್ತೀನಿ ತಮ್ಮಾ. ಆ ಎರಡು ಹೆಜ್ಜೆಯಿಂದಲೇ ನನ್ನ ಸೊಂಟ ಉಳಿದಿರೋದು" ಅಂದರು. ಆಮೇಲೆ, "ಅದಿರಲಿ, ಮಧ್ಯಾಹ್ನ ನಮಗೆ ಮಾಲೇ ಬರಲ್ಲ. ಅರ್ಧ ಗಂಟೆ ಎಲ್ಲರೂ ಸುಮ್ನೆ ಕೂತಿರ್ತೀವಿ. ಅದನ್ನ ಯಾರೂ ಯಾಕೆ ಅಳೆಯಲ್ಲ?" ಅಂದರು.

ನಾನು ನಾಲ್ಕು ಸೆಕೆಂಡ್ ಹೆಕ್ಕುತ್ತಿದ್ದೆ. ಅರ್ಧ ಗಂಟೆ ಕಣ್ಣೆದುರಿಗೇ ಬಿದ್ದಿತ್ತು.

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂದರೆ ಜನರಿಂದ ಬೇಗ ಬೇಗ ಕೆಲಸ ತೆಗೆಸುವ ವಿದ್ಯೆ ಅಂದುಕೊಂಡು ಸೇರಬೇಡಿ. ಇದು ಹೆಚ್ಚಾಗಿ ಕಾಯುವುದರ ಬಗ್ಗೆ ಇರುವ ಓದು. ಯಾರು ಕಾಯುತ್ತಿದ್ದಾರೆ, ಯಾವ ಸಾಮಾನು ಕಾಯುತ್ತಿದೆ, ಯಾಕೆ? ಈ ಪ್ರಶ್ನೆಗೆ ಮೈ ತುರಿಸದವರಿಗೆ ನಾಲ್ಕು ವರ್ಷ ಬಹಳ ಉದ್ದವಾಗುತ್ತದೆ.

ಸೇರಿದ ಮೊದಲ ವರ್ಷ ಇದ್ಯಾವುದೂ ಕಾಣಿಸುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕ್ಯಾಲ್ಕುಲಸ್, ಫಿಸಿಕ್ಸ್, ಡ್ರಾಯಿಂಗ್, ಒಂದಿಷ್ಟು ಪ್ರೋಗ್ರಾಮಿಂಗ್. ಬೇರೆ ಬ್ರಾಂಚಿನವರೂ ಅದನ್ನೇ ಓದುತ್ತಿರುತ್ತಾರೆ. ಜೊತೆಗೆ ಮೆಕ್ಯಾನಿಕಲ್‌ನವರ ಚುಡಾಯಿಸುವಿಕೆ ಬೇರೆ: "ನಿಮ್ಮದು ಅರ್ಧ ಎಂಜಿನಿಯರಿಂಗ್, ಅರ್ಧ ಮ್ಯಾನೇಜ್‌ಮೆಂಟ್". ಅವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಪ್ರಾಬಬಿಲಿಟಿ ಮತ್ತು ಸ್ಟ್ಯಾಟಿಸ್ಟಿಕ್ಸ್ ಶುರುವಾದ ದಿನ ಮಾತ್ರ ಕಿವಿ ನೆಟ್ಟಗೆ ಮಾಡಿಕೊಳ್ಳಿ. ನಿಮ್ಮ ನಿಜವಾದ ಡಿಗ್ರಿ ಆವತ್ತು ಶುರುವಾಗುತ್ತದೆ. ಅದನ್ನು ಪಾಸಾದರೆ ಸಾಕು ಅಂತ ಓದಿದವರು ಮೂರನೇ ವರ್ಷದಲ್ಲಿ ಪರದಾಡುವುದನ್ನು ನೋಡಿದ್ದೇನೆ. ಒಬ್ಬನನ್ನಂತೂ ಕನ್ನಡಿಯಲ್ಲೇ ನೋಡಿದ್ದೇನೆ.

ಪ್ರಾಬಬಿಲಿಟಿಯಿಂದ ಏನು ಸಿಗುತ್ತದೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಒಂದೇ ಕೌಂಟರ್ ಇದೆ ಅಂದುಕೊಳ್ಳಿ. ಜನ ಯಾವಾಗ ಬರುತ್ತಾರೋ ಗೊತ್ತಿಲ್ಲ, ಒಬ್ಬೊಬ್ಬರ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೋ ಅದೂ ಗೊತ್ತಿಲ್ಲ. ಕೌಂಟರಿನಲ್ಲಿರುವವರು ನೂರರಲ್ಲಿ 80 ಪಾಲು ಹೊತ್ತು ಬಿಜಿ ಇದ್ದರೆ, ಅಲ್ಲಿ ಸರಾಸರಿ 4 ಜನ ಇರುತ್ತಾರೆ. ಬಿಜಿ ಹೊತ್ತು 90 ಪಾಲಿಗೆ ಏರಿತು ಅಂದರೆ? 5 ಅಲ್ಲ, 9 ಜನ. 95ಕ್ಕೆ ಏರಿದರೆ 19 ಜನ. ಕ್ಯೂ ಬಗೆಗಿನ ಅತಿ ಸರಳ ಮಾದರಿ ಕೊಡುವ ಉತ್ತರ ಇದು, ನೀವೇ ಪೆನ್ನು ಹಿಡಿದು ಮಾಡಿ ನೋಡಬಹುದು. "ನಮ್ಮಲ್ಲಿ ಯಾರೂ ಒಂದು ನಿಮಿಷ ಖಾಲಿ ಕೂರಬಾರದು" ಅನ್ನುವ ಮ್ಯಾನೇಜರ್ ತನಗೇ ಗೊತ್ತಿಲ್ಲದೆ ಬಾಗಿಲಾಚೆಗೂ ಕ್ಯೂ ಬೆಳೆಸುತ್ತಿರುತ್ತಾರೆ. ಆಮೇಲೆ ಕೌಂಟರಿನವರೇ ನಿಧಾನ ಅಂತ ಬೈಗುಳ.

ಈ ಗಣಿತ ಹುಟ್ಟಿದ್ದು ಕಾರ್ಖಾನೆಯಲ್ಲೂ ಅಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನ ತಲೆನೋವಿನಿಂದ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಅನ್ನುವ ಗಣಿತಜ್ಞ 1909ರಲ್ಲಿ ಇದರ ಮೊದಲ ಲೇಖನ ಬರೆದರು. ಕರೆಗಳು ಎಷ್ಟು ಬಂದರೆ ಎಷ್ಟು ಲೈನ್ ಬೇಕು ಅನ್ನುವುದು ಅವರ ಚಿಂತೆ. ಇವತ್ತು ಆಸ್ಪತ್ರೆಯ ಹಾಸಿಗೆಗೂ, ವಿಮಾನದ ರನ್‌ವೇಗೂ, ಕಂಪ್ಯೂಟರ್ ಸರ್ವರ್‌ಗೂ ಅದೇ ಲೆಕ್ಕ. ಇನ್ನೊಂದು, ಲಿಟಲ್ ಅವರ ನಿಯಮ. ಜಾನ್ ಲಿಟಲ್ ಅನ್ನುವ ಅಮೆರಿಕದ ಪ್ರೊಫೆಸರ್ 1961ರಲ್ಲಿ ಸಾಧಿಸಿ ತೋರಿಸಿದ್ದು: ಇರುವ ರಾಶಿಯನ್ನು ದಿನಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ, ಒಂದೊಂದೂ ಅಲ್ಲಿ ಕಳೆಯುವ ಸರಾಸರಿ ದಿನ ಸಿಗುತ್ತದೆ. ಮೇಜಿನ ಮೇಲೆ ಯಾವಾಗಲೂ ಸುಮಾರು 60 ಫೈಲ್ ಇರುತ್ತವೆ, ದಿನಕ್ಕೆ 12 ಮುಗಿಯುತ್ತವೆ ಅಂದರೆ, ಒಂದು ಫೈಲು ಅಲ್ಲಿ ಸರಾಸರಿ 5 ದಿನ ಕಳೆಯುತ್ತದೆ. ಸ್ಟಾಪ್‌ವಾಚೇ ಬೇಡ, ಯಾರ ಹಿಂದೆಯೂ ನಿಲ್ಲುವುದು ಬೇಡ. ರಾಶಿ ಎಣಿಸಿದರೆ ಸಾಕು. ನನಗೆ ಈ ಓದಿನ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ಆದರೆ ಈ ಓದು ಹುಟ್ಟಿದ ಮನೆಯಲ್ಲಿ ಸ್ಟಾಪ್‌ವಾಚ್ ಇತ್ತು. ಅದನ್ನು ಮುಚ್ಚಿಟ್ಟು ಪಾಠ ಮಾಡುವುದು ನನಗೆ ಇಷ್ಟವಿಲ್ಲ. ಫ್ರೆಡರಿಕ್ ಟೇಲರ್ ಅನ್ನುವ ಅಮೆರಿಕದ ಎಂಜಿನಿಯರ್ ಹೆಸರು ನಿಮಗೆ ಮೊದಲ ತಿಂಗಳಲ್ಲೇ ಸಿಗುತ್ತದೆ. ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡನ್ನೂ ಅಳೆದು, ಹೀಗೇ ಮಾಡಬೇಕು ಅಂತ ಗೊತ್ತುಮಾಡುವುದು ಅವರ ದಾರಿ. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಆರ್ಸೆನಲ್ ಅನ್ನುವ ಸರ್ಕಾರಿ ಶಸ್ತ್ರಾಗಾರದಲ್ಲಿ ಎರಕ ಹೊಯ್ಯುವವರು ಈ ಅಳತೆ ಒಲ್ಲೆ ಅಂತ ಕೆಲಸ ಬಿಟ್ಟು ಹೊರನಡೆದರು. ಸಂಸತ್ತಿನ ಸಮಿತಿ ಟೇಲರ್ ಅವರನ್ನೇ ಕೂರಿಸಿ ಪ್ರಶ್ನೆ ಕೇಳಿತು. ಆ ಡಬ್ಬದ ಅಕ್ಕನ ಕೈ ಯಾಕೆ ನಿಧಾನವಾಯಿತು ಅಂತ ನನಗೆ ಹೊಳೆದದ್ದು ಇದನ್ನು ಓದುವಾಗ. ಇವತ್ತು ಜೋರಾಗಿ ಮಾಡಿ ತೋರಿಸಿದರೆ ನಾಳೆಯಿಂದ ಅದೇ ಲೆಕ್ಕ ಎಲ್ಲರ ತಲೆಗೆ. ಅವರು ಕಳ್ಳತನ ಮಾಡುತ್ತಿರಲಿಲ್ಲ. ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದರು, ಅಷ್ಟೇ.

ಅದೇ ಕಾಲದ ಗಿಲ್‌ಬ್ರೆತ್ ದಂಪತಿ ನನಗೆ ಹೆಚ್ಚು ಹತ್ತಿರ. ಫ್ರಾಂಕ್ ಗಿಲ್‌ಬ್ರೆತ್ ಸ್ವತಃ ಇಟ್ಟಿಗೆ ಕಟ್ಟಿ ಮೇಲೆ ಬಂದವರು. ಒಂದು ಇಟ್ಟಿಗೆ ಇಡಲು ಬೇಕಾಗುತ್ತಿದ್ದ 18 ಚಲನೆಗಳನ್ನು ಹೆಚ್ಚುಕಡಿಮೆ 5ಕ್ಕೆ ಇಳಿಸಿದರು. ಅದರಲ್ಲಿ ದೊಡ್ಡ ಪಾಲು ಯಾವುದರಿಂದ ಬಂತು ಗೊತ್ತಾ? ಇಟ್ಟಿಗೆಯನ್ನು ಸೊಂಟದ ಎತ್ತರಕ್ಕೆ ತಂದಿಡುವ ಅಟ್ಟಣಿಗೆಯಿಂದ. ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಗ್ಗಿ ಏಳುವುದು ತಪ್ಪಿತು. ಲಿಲಿಯನ್ ಗಿಲ್‌ಬ್ರೆತ್ ಓದಿದ್ದು ಸೈಕಾಲಜಿ. ಹನ್ನೆರಡು ಮಕ್ಕಳ ತಾಯಿ. ಗಂಡ 1924ರಲ್ಲಿ ತೀರಿಕೊಂಡ ಮೇಲೆ ಕೆಲಸವನ್ನು ಒಬ್ಬರೇ ಮುಂದುವರಿಸಿದರು. ಕಾಲಿನಿಂದ ಒತ್ತಿದರೆ ಮುಚ್ಚಳ ತೆಗೆಯುವ ಕಸದ ಡಬ್ಬಿ, ಫ್ರಿಜ್ ಬಾಗಿಲಿನ ಒಳಗಿನ ತಟ್ಟೆಗಳು, ಇವಕ್ಕೆಲ್ಲ ಅವರ ಹೆಸರನ್ನೇ ಹೇಳುತ್ತಾರೆ. ಟೇಲರ್ "ಎಷ್ಟು ಬೇಗ?" ಅಂತ ಕೇಳಿದರು, ಗಿಲ್‌ಬ್ರೆತ್ ದಂಪತಿ "ಇವರು ಯಾಕೆ ಬಗ್ಗಬೇಕು?" ಅಂತ ಕೇಳಿದರು. ಎರಡೂ ಪ್ರಶ್ನೆಗೆ ಪರೀಕ್ಷೆಯಲ್ಲಿ ಮಾರ್ಕ್ಸ್ ಸಿಗುತ್ತದೆ. ಯಾವುದನ್ನು ಜೇಬಿನಲ್ಲಿ ಇಟ್ಟುಕೊಂಡು ಹೊರಗೆ ಹೋಗುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

ಎಷ್ಟು ಬೇಗ ಅನ್ನುವುದನ್ನೇ ಹಿಡಿದರೆ ಏನಾಗುತ್ತದೆ? ಫೋರ್ಡ್ ಕಾರ್ಖಾನೆ ನೋಡಿ. 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂತು, ಅಂದರೆ ಕಾರೇ ಕೆಲಸಗಾರರ ಮುಂದೆ ಸರಿದು ಬರುವ ಏರ್ಪಾಡು. ಒಂದು ಕಾರಿನ ಚಾಸಿಸ್ (ಕೆಳಗಿನ ಚೌಕಟ್ಟು) ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು, ಮರುವರ್ಷದ ಹೊತ್ತಿಗೆ 93 ನಿಮಿಷಕ್ಕೆ ಬಂತು. ಪಾಠದಲ್ಲಿ ಇಲ್ಲಿಗೆ ಚಪ್ಪಾಳೆ. ಅದೇ 1913ರಲ್ಲಿ ಆ ಕಾರ್ಖಾನೆಯಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ. 370ಕ್ಕೆ ಮುಟ್ಟಿತ್ತು. ಅಂದರೆ ಒಂದೊಂದು ಜಾಗಕ್ಕೂ ವರ್ಷದಲ್ಲಿ ಮೂರು ನಾಲ್ಕು ಸಲ ಹೊಸಬರನ್ನು ಹುಡುಕಬೇಕು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೂಲಿ ಅಂತ ಸಾರಿದ್ದರ ಹಿಂದೆ ಜನ ಹೀಗೆ ಬಿಟ್ಟು ಓಡುತ್ತಿದ್ದದ್ದೂ ಇತ್ತು. ಇದನ್ನು ಪಾಠದಲ್ಲಿ ಅಡಿಟಿಪ್ಪಣಿಗೆ ತಳ್ಳಿಬಿಡುತ್ತಾರೆ. ನನ್ನ ಪ್ರಕಾರ ಇದೇ ಪಾಠ.

ಕಾಲೇಜು ಆರಿಸುವಾಗ ಡಿಪಾರ್ಟ್‌ಮೆಂಟಿನ ಹೆಸರು ನೋಡಬೇಡಿ, ಸಿಲೆಬಸ್ ತೆಗೆದು ನೋಡಿ. ಸ್ಟ್ಯಾಟಿಸ್ಟಿಕ್ಸ್ ಒಂದೇ ಸೆಮಿಸ್ಟರಿಗೆ ಮುಗಿದುಹೋಗಿದೆಯಾ? ಆಪರೇಷನ್ಸ್ ರಿಸರ್ಚ್ (ಗಣಿತದಿಂದ ಒಳ್ಳೆಯ ನಿರ್ಧಾರ ಹುಡುಕುವುದು), ಸಿಮ್ಯುಲೇಷನ್ (ಕೆಲಸದ ನಕಲನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು), ಎರ್ಗನಾಮಿಕ್ಸ್ (ಕೆಲಸವನ್ನು ಮನುಷ್ಯರ ಮೈಗೆ ಹೊಂದಿಸುವುದು) ಇವೆಯಾ? ಇಲ್ಲದಿದ್ದರೆ ಬೋರ್ಡು ಮಾತ್ರ ಇಂಡಸ್ಟ್ರಿಯಲ್. ಮತ್ತೆ, ಕೈಯಲ್ಲಿ ಹಿಡಿದು "ಇದು ನಾನು ಮಾಡಿದ್ದು" ಅಂತ ತೋರಿಸುವ ಆಸೆ ಜಾಸ್ತಿ ಇರುವವರು ಬೇರೆ ಬ್ರಾಂಚ್ ನೋಡಿಕೊಳ್ಳಿ, ತಪ್ಪೇನಿಲ್ಲ. ನಮ್ಮ ಕೆಲಸ ಗೆದ್ದಾಗ ಕಾಣಿಸುವುದೇ ಇಲ್ಲ. ಕ್ಯೂ ಇಲ್ಲದ ಜಾಗದ ಫೋಟೋ ಯಾರು ತೆಗೆಯುತ್ತಾರೆ, ಅಲ್ವಾ?

ಸೇರಿದ ಮೇಲೆ ಲ್ಯಾಬಿನಲ್ಲೇ ಕೂತಿರಬೇಡಿ. ಕೋಣೆಯ ಕೂಸು ಕೊಳೆಯಿತು, ಓಣಿಯ ಕೂಸು ಬೆಳೆಯಿತು ಅನ್ನುವ ಗಾದೆ ಈ ಬ್ರಾಂಚಿಗೇ ಮಾಡಿದ ಹಾಗಿದೆ. ಕೆಲಸ ನಡೆಯುವ ಯಾವುದಾದರೂ ಜಾಗದಲ್ಲಿ ಒಂದು ಗಂಟೆ ಸುಮ್ನೆ ನಿಲ್ಲಿ, ಫೋನ್ ಜೇಬಿನಲ್ಲೇ ಇರಲಿ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದೇ ಸಾಮಾನನ್ನು ಮೂರು ಸಲ ಎತ್ತಿಡುವುದು ಕಾಣುತ್ತದೆ. ಕೇಳಲು ಬಂದು, ಯಾರೂ ಇಲ್ಲದೆ ವಾಪಸ್ ಹೋಗುವವರು ಕಾಣುತ್ತಾರೆ.

ಆ ಅರ್ಧ ಗಂಟೆ ಏನಾಯಿತು ಅಂತ ಹೇಳಲೇ ಇಲ್ಲ. ಮರುದಿನ ಅದರ ಬೆನ್ನು ಹತ್ತಿದೆ. ಅಕ್ಕನಿಗೆ ಮಾಲು ಬರುತ್ತಿದ್ದದ್ದು ಎರಡು ಕೋಣೆ ಆಚೆಯ ಪ್ರೆಸ್ಸಿನಿಂದ. ಬಿಡಿಭಾಗಕ್ಕೆ ಆಕಾರ ಒತ್ತುವ ಆ ಮೆಷಿನ್ನಿನಲ್ಲಿ ಮಧ್ಯಾಹ್ನ ಡೈ, ಅಂದರೆ ಅಚ್ಚು, ಬದಲಾಯಿಸುತ್ತಿದ್ದರು. ಡೈ ಬಿಚ್ಚಿ ಕೂರಿಸುವ ಕೆಲಸ ದೊಡ್ಡದೇನಲ್ಲ. ಮೆಷಿನ್ ನಿಲ್ಲಿಸಿದ ಮೇಲೆ ಸರಿಯಾದ ಬೋಲ್ಟ್ ಹುಡುಕುವುದು, ಸ್ಪ್ಯಾನರ್ ಯಾರ ಹತ್ತಿರ ಇದೆ ಅಂತ ಕೇಳುವುದು, ಕ್ರೇನಿಗೆ ಕಾಯುವುದು, ಇದರಲ್ಲೇ ಹೊತ್ತು ಹೋಗುತ್ತಿತ್ತು. ಶಿಗೆಯೊ ಶಿಂಗೊ ಅನ್ನುವ ಜಪಾನಿ ಎಂಜಿನಿಯರ್ ಇದಕ್ಕೆ ಬಹಳ ಹಿಂದೆಯೇ ದಾರಿ ಹೇಳಿಕೊಟ್ಟಿದ್ದಾರೆ: ಮೆಷಿನ್ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದನ್ನು ನಿಲ್ಲಿಸುವ ಮುಂಚೆ ಮುಗಿಸಿ, ಹತ್ತು ನಿಮಿಷದೊಳಗೆ ಡೈ ಬದಲಾಗುವ ಹಾಗೆ ಮಾಡಿ.

ಅದನ್ನೇ ರಿಪೋರ್ಟಿನಲ್ಲಿ ಬರೆದೆ. ಬೋಲ್ಟು, ಸ್ಪ್ಯಾನರ್ ಎಲ್ಲ ಒಂದು ಗಾಡಿಯಲ್ಲಿ ಜೋಡಿಸಿಟ್ಟು ಪ್ರೆಸ್ಸಿನ ಪಕ್ಕ ನಿಲ್ಲಿಸಿ ಅಂತ. ಕೊನೆಗೆ ಒಂದು ಸಾಲು ಸೇರಿಸಿದೆ: ಮುಚ್ಚಳದ ರ‍್ಯಾಕ್ ಈಗ ಎಲ್ಲಿದೆಯೋ ಅಲ್ಲೇ ಇರಲಿ.