ನರಕೋಶಗಳು ಒಂದೇ ತಾಳಕ್ಕೆ ಬರುವುದು ಯಾವಾಗ?

ಕೇಳುಗರಿಗೆ ನಮಸ್ಕಾರ. ತಮ್ಮ ಪಾಡಿಗೆ ತಾವು ಮಿಡಿಯುವ ಮಾದರಿ ನರಕೋಶಗಳನ್ನು ಜಾಲವಾಗಿ ಹೆಣೆದರೆ ಅವೆಲ್ಲ ಒಟ್ಟಿಗೆ ಮಿಡಿಯಲು ಎಷ್ಟು ಬಲದ ಜೋಡಣೆ ಬೇಕು? ಕೋಶಗಳೆಲ್ಲ ತದ್ರೂಪವೆಂದು ಇಟ್ಟುಕೊಳ್ಳೋಣ.

ಮೊದಲು ವಿದ್ಯುತ್ ಜೋಡಣೆ. ಇಲ್ಲಿ ಎರಡು ಕೋಶಗಳ ನಡುವಿನ ಪ್ರವಾಹ ಅವುಗಳ ವೋಲ್ಟೇಜಿನ ವ್ಯತ್ಯಾಸಕ್ಕೆ ತಕ್ಕಷ್ಟು. ಎರಡೂ ಸಮವಾದರೆ ಸೊನ್ನೆ. ಪೆಕೋರಾ ಮತ್ತು ಕ್ಯಾರಲ್ ಎಂಬ ಸಂಶೋಧಕರು 1998ರಲ್ಲಿ ಕೋಶದ ಗುಣವನ್ನೂ ಜಾಲದ ಗುಣವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುವ ದಾರಿ ತೋರಿಸಿದರು. ಯಾವ ಕೋಶ ಯಾವುದಕ್ಕೆ ಜೋಡಿದೆ ಎಂಬುದನ್ನು ಲಾಪ್ಲಾಸಿಯನ್ ಮಾತೃಕೆ ಎಂಬ ಸಂಖ್ಯೆಗಳ ಕೋಷ್ಟಕದಲ್ಲಿ ಬರೆದು, ಅದರ ಐಗನ್ ಮೌಲ್ಯಗಳನ್ನು, ಅಂದರೆ ಜಾಲದ ಹೆಣಿಗೆಯ ಗುಣ ಹೇಳುವ ವಿಶಿಷ್ಟ ಸಂಖ್ಯೆಗಳನ್ನು, ಚಿಕ್ಕದರಿಂದ ದೊಡ್ಡದಕ್ಕೆ ತೆಗೆಯಬೇಕು. ಮೊದಲನೆಯದು ಯಾವಾಗಲೂ ಸೊನ್ನೆ. ಹಿಂಡ್‌ಮಾರ್ಷ್-ರೋಸ್ ಎಂಬ ಗಣಿತ ಮಾದರಿಯ ಕೋಶಗಳನ್ನು ವೋಲ್ಟೇಜಿನ ಮೂಲಕ ಜೋಡಿಸಿದಾಗ, ಎರಡನೆಯ ಮೌಲ್ಯವನ್ನು ಜೋಡಣೆಯ ಬಲದಿಂದ ಗುಣಿಸಿದರೆ ಬರುವ ಸಂಖ್ಯೆ ಒಂದು ಮಿತಿಯನ್ನು ದಾಟಬೇಕು.

ಅಂಕಿ ಹಾಕಿ ನೋಡಿ. ಎರಡೇ ಕೋಶಗಳಿದ್ದರೆ ಆ ಎರಡನೆಯ ಮೌಲ್ಯ 2. 10 ಕೋಶಗಳನ್ನು ಬಳೆಯಂತೆ ಸುತ್ತ ಕೂರಿಸಿ ಅಕ್ಕಪಕ್ಕದವನ್ನು ಮಾತ್ರ ಜೋಡಿಸಿದರೆ 0.382. ಅಂದರೆ ಜೋಡಿಗೆ ಸಾಕಾದ ಬಲದ 5.2 ಪಟ್ಟು ಬೇಕು. ಅದೇ ಬಳೆಯಲ್ಲಿ 100 ಕೋಶಗಳಿದ್ದರೆ ಸುಮಾರು 507 ಪಟ್ಟು! ಆ ನೂರನ್ನೂ ಪ್ರತಿಯೊಂದಕ್ಕೆ ಪ್ರತಿಯೊಂದರಂತೆ ಜೋಡಿಸಿದರೋ, ಒಂದೊಂದು ಕೊಂಡಿಗೆ ಐವತ್ತರಲ್ಲಿ ಒಂದು ಪಾಲು ಬಲ ಸಾಕು.

ರಾಸಾಯನಿಕ ಸಿನಾಪ್ಸಿನ, ಅಂದರೆ ಒಂದು ಕೋಶ ಇನ್ನೊಂದಕ್ಕೆ ರಾಸಾಯನಿಕದ ಮೂಲಕ ಸಂಕೇತ ದಾಟಿಸುವ ಸಂಧಿಯ, ಲೆಕ್ಕವೇ ಬೇರೆ. ಬೆಲಿಖ್, ಡಿ ಲಾಂಗೆ ಮತ್ತು ಹ್ಯಾಸ್ಲರ್ ಎಂಬ ಸಂಶೋಧಕರು 2005ರಲ್ಲಿ ತೋರಿಸಿದಂತೆ, ಗುಂಪು ಮಿಡಿತದ (ಒಂದರ ಹಿಂದೊಂದು ಹಲವು ಸಲ ಮಿಡಿದು, ಕೊಂಚ ಸುಮ್ಮನಿದ್ದು, ಮತ್ತೆ ಮಿಡಿಯುವ) ಕೋಶಗಳ ನಡುವೆ ವೇಗದ ಉದ್ದೀಪಕ, ಅಂದರೆ ಮಿಡಿಯಲು ಪ್ರಚೋದಿಸುವ, ಸಿನಾಪ್ಸುಗಳಿದ್ದರೆ, ಪ್ರತಿ ಕೋಶಕ್ಕೆ ಎಷ್ಟು ಸಂಕೇತಗಳು ಒಳಬರುತ್ತವೆ ಎಂಬುದೇ ಮುಖ್ಯ. ಎರಡೇ ಕೋಶಗಳ ಜೋಡಿಯಲ್ಲಿ ಒಂದೊಂದಕ್ಕೆ ಒಳಬರುವ ಕೊಂಡಿ ಒಂದು; ಬಳೆಯಲ್ಲಿ ಪ್ರತಿ ಕೋಶಕ್ಕೂ ಎರಡು. ಹಾಗಾಗಿ ಕೋಶ ಹತ್ತಿರಲಿ ನೂರಿರಲಿ, ಜೋಡಿಗೆ ಬೇಕಾದುದರ ಅರ್ಧ ಬಲ ಸಾಕು. ಎಷ್ಟು ಚೆಂದದ ಫಲಿತಾಂಶ! ಆದರೆ ಈ ಜೋಡಣೆಯ ಪ್ರವಾಹ ಕೋಶಗಳು ಒಂದಾದ ಮೇಲೂ ನಿಲ್ಲುವುದಿಲ್ಲ. ಆದ್ದರಿಂದ ಒಂದು ಕೋಶಕ್ಕೆ ಎರಡು, ಇನ್ನೊಂದಕ್ಕೆ ಮೂರು ಕೊಂಡಿ ಬಂದರೆ ಎರಡರ ಸಮೀಕರಣಗಳೇ ಬೇರೆಯಾಗುತ್ತವೆ. ಆಗ ಬಲ ಎಷ್ಟೇ ಏರಿಸಿದರೂ ಪೂರ್ಣ ಏಕತಾಳ ಸಿಗದು.

ಕಂಪ್ಯೂಟರಿನಲ್ಲಿ ಪರೀಕ್ಷಿಸುವವರಿಗೆ ಒಂದು ಮಾತು. ಎಲ್ಲ ಕೋಶಗಳನ್ನೂ ಒಂದೇ ಆರಂಭ ಬೆಲೆಯಿಂದ ಹೊರಡಿಸಬೇಡಿ. ಸಂಖ್ಯೆಗಳು ಕೊನೆಯ ದಶಮಾಂಶದವರೆಗೂ ಒಂದೇ ಆಗಿಬಿಟ್ಟರೆ, ಅಸ್ಥಿರವಾದ ಏಕತಾಳವೂ ಪರದೆಯ ಮೇಲೆ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ. ಓಟದ ನಡುವೆ ಒಂದು ಕೋಶದ ವೋಲ್ಟೇಜನ್ನು ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಅಲುಗಿಸಿ, ವ್ಯತ್ಯಾಸ ಕರಗುತ್ತದೋ ಬೆಳೆಯುತ್ತದೋ ನೋಡಿ. ಗುಂಪು ಮಿಡಿತಗಳ ನಡುವಿನ ಮೌನದಲ್ಲಿ ಎಲ್ಲವೂ ಒಂದೇ ಥರ ಕಾಣುವುದರಿಂದ, ಹಲವು ಗುಂಪುಗಳು ಕಳೆಯುವವರೆಗೂ ಕಾಯಿರಿ.